ಟ್ರೇ ಡ ಲ್ಯೂರ್, ಅಂದರೆ ಬೇಕಾದಷ್ಟು ಹೊತ್ತಿದೆ

(ಒಂದು ಭಾನುವಾರ ಸಂಜೆ ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಇಪ್ಪತ್ತೈದು ಜನರ ಮುಂದೆ ಆಡಿದ ಮಾತುಗಳಿವು. ಬರೆದುಕೊಡಿ ಅಂತ ಕೆಲವರು ಕೇಳಿದ್ದರಿಂದ ಬರೆದಿದ್ದೇನೆ. ಅಲ್ಲಿ ತಡವರಿಸಿದ್ದನ್ನು ಇಲ್ಲಿ ಸರಿಮಾಡಿದ್ದೇನೆ, ದಾರಿ ತಪ್ಪಿದ್ದನ್ನು ಹಾಗೇ ಬಿಟ್ಟಿದ್ದೇನೆ.)

ಮೊದಲು ನನ್ನದೊಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಇವತ್ತು ಯಾವ ಮಾತಿನ ಬಗ್ಗೆ ಹೇಳೋಕೆ ಬಂದಿದ್ದೇನೋ ಅದನ್ನು ನಾನೇ ಎರಡು ವರ್ಷ ತಪ್ಪಾಗಿ ಓದುತ್ತಿದ್ದೆ. ಗೆಳೆಯನೊಬ್ಬ ಐಲ್ ಆಫ್ ಮ್ಯಾನ್‌ಗೆ ಹೋಗಿ ಬಂದಾಗ ಒಂದು ಟೀ ಮಗ್ ತಂದುಕೊಟ್ಟಿದ್ದ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಮೂರು ಪದ. ಮೊದಲನೆಯದು ಟಿ, ಆರ್, ಎ, ಎ. ಎರಡನೆಯದು ಡಿ, ವೈ. ಮೂರನೆಯದು ಎಲ್, ಐ, ಓ, ಓ, ಎ, ಆರ್. ನಾನು ದಿನಾ ಬೆಳಿಗ್ಗೆ ಚಹಾ ಕುಡಿಯುತ್ತಾ ಅದನ್ನು 'ಟ್ರಾ ಡೈ ಲಿಯೂವಾರ್' ಅಂತ ಓದಿಕೊಳ್ಳುತ್ತಿದ್ದೆ. ಯಾವುದೋ ಮಾಟಮಂತ್ರದ ಹಾಗೆ ಕೇಳುತ್ತಿತ್ತು. ಆಮೇಲೆ ಒಂದು ದಿನ ಆ ದ್ವೀಪದವರೊಬ್ಬರು ಮಾತಾಡಿದ ರೆಕಾರ್ಡಿಂಗ್ ಕೇಳಿದೆ. ಅವರು ಎಷ್ಟು ಸಲೀಸಾಗಿ ಹೇಳಿದರು ಅಂದರೆ, ಮೊದಲ ಸಲ ನನಗೆ ಗೊತ್ತೇ ಆಗಲಿಲ್ಲ. ಟ್ರೇ ಡ ಲ್ಯೂರ್. ಆ 'ಟ್ರೇ' ಪೂರ್ತಿ ಟ್ರೇ ಅಲ್ಲ, ಟ್ರೇ ಮತ್ತು ಟ್ರ್ಯಾ ನಡುವೆ ಎಲ್ಲೋ ಇದೆ. 'ಡ' ಇದ್ದೂ ಇಲ್ಲದ ಹಾಗೆ. ಲ್ಯೂರ್ ಅನ್ನೋದನ್ನು ಸ್ವಲ್ಪ ಎಳೀಬೇಕು.

ಅರ್ಥ ಇಷ್ಟೇ: ಬೇಕಾದಷ್ಟು ಹೊತ್ತಿದೆ.

ಆ ದ್ವೀಪದ ಭಾಷೆಗೆ ಮ್ಯಾಂಕ್ಸ್ ಅಂತ ಹೆಸರು. ಅದರಲ್ಲಿ ಒಂದೇ ಒಂದು ಮಾತು ಗೊತ್ತಿರುವವರಿಗೆ ಬಹುಶಃ ಇದೇ ಗೊತ್ತಿರುತ್ತದೆ. ಅಲ್ಲಿ ಇಂಗ್ಲಿಷ್ ಮಾತ್ರ ಬರುವವರೂ ಇದನ್ನು ಬಳಸುತ್ತಾರೆ. ಮಗ್ಗಿನ ಮೇಲೆ, ಟೀ ಶರ್ಟಿನ ಮೇಲೆ, ಮನೆ ಬಾಗಿಲ ಮೇಲೆ ಎಲ್ಲಾ ಇದೆ. ನಮ್ಮ ದ್ವೀಪದವರ ಸ್ವಭಾವವೇ ಹೀಗೆ, ಅವಸರ ಗೊತ್ತಿಲ್ಲ, ಅಂತ ಪ್ರವಾಸಿಗರಿಗೆ ಹೇಳೋದಕ್ಕೂ ಇದೇ ಮಾತು. ನನ್ನ ತಕರಾರು ಏನಪ್ಪಾ ಅಂದರೆ, ಮಗ್ಗಿನ ಮೇಲೆ ಬರೆದಷ್ಟು ಸಿಹಿ ಮಾತಲ್ಲ ಇದು.

ಮೊದಲು ಜಾಗ ತಿಳ್ಕೊಳ್ಳೋಣ. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವೆ ಐರಿಷ್ ಸಮುದ್ರದಲ್ಲಿ 572 ಚದರ ಕಿಲೋಮೀಟರಿನ ಒಂದು ದ್ವೀಪ. ನಮ್ಮ ಒಂದು ತಾಲೂಕಿನಷ್ಟು ಅಂತ ಇಟ್ಟುಕೊಳ್ಳಿ. ಜನ 84,000ದ ಆಸುಪಾಸು. ಬ್ರಿಟನ್ನಿನ ರಾಜನಿಗೆ ಸೇರಿದ್ದು, ಆದರೆ ಬ್ರಿಟನ್ ದೇಶದ ಭಾಗ ಅಲ್ಲ. ಟಿನ್ವಾಲ್ಡ್ ಅನ್ನುವ ತಮ್ಮದೇ ಸಂಸತ್ತು ಇದೆ, ಅದಕ್ಕೆ ಸಾವಿರ ವರ್ಷ ತುಂಬಿತು ಅಂತ 1979ರಲ್ಲಿ ಹಬ್ಬ ಮಾಡಿದರು. ಪ್ರತಿ ಜುಲೈಯಲ್ಲಿ ಸೇಂಟ್ ಜಾನ್ಸ್ ಅನ್ನುವ ಊರಿನಲ್ಲಿ, ಹುಲ್ಲು ಬೆಳೆದ ಒಂದು ದಿಬ್ಬದ ಮೇಲಿಂದ, ಹೊಸ ಕಾನೂನುಗಳನ್ನು ಇಂಗ್ಲಿಷಿನಲ್ಲೂ ಮ್ಯಾಂಕ್ಸಿನಲ್ಲೂ ಓದಿ ಹೇಳುತ್ತಾರೆ. ಮ್ಯಾಂಕ್ಸ್ ಅನ್ನೋದು ಐರಿಷ್ ಮತ್ತು ಸ್ಕಾಟಿಷ್ ಗೇಲಿಕ್ ಭಾಷೆಗಳ ತಂಗಿ.

ತಂಗಿ ಸರಿ, ಆದರೆ ಉಡುಪು ಬೇರೆ. ಐರಿಷ್ ಬರವಣಿಗೆ ತುಂಬಾ ಹಳೆಯದು, ಈಗ ಬಾಯಲ್ಲಿ ಬಾರದ ಎಷ್ಟೋ ಅಕ್ಷರಗಳನ್ನು ಅದು ಇಟ್ಟುಕೊಂಡೇ ಬಂದಿದೆ. ಮ್ಯಾಂಕ್ಸಿಗೆ ಆ ಪರಂಪರೆ ಸಿಗಲಿಲ್ಲ. ಚರ್ಚಿನ ಪಾದ್ರಿಗಳು ಹದಿನೇಳು ಹದಿನೆಂಟನೇ ಶತಮಾನದಲ್ಲಿ ತಮಗೆ ಕಿವಿಗೆ ಬಿದ್ದದ್ದನ್ನು, ತಾವು ಇಂಗ್ಲಿಷ್ ಬರೆಯುವ ಅಭ್ಯಾಸದಲ್ಲೇ ಬರೆದರು. ಹೊಸ ಒಡಂಬಡಿಕೆ 1767ರಲ್ಲಿ ಅಚ್ಚಾಯಿತು, ಹಳೆಯ ಒಡಂಬಡಿಕೆ 1770ರ ದಶಕದ ಮೊದಲಲ್ಲಿ. ಆ ಬೈಬಲ್‌ನಿಂದಲೇ ಇವತ್ತಿನ ಕಾಗುಣಿತ ನಿಂತದ್ದು. ಅದರ ಬಗ್ಗೆ ಒಂದು ಕಥೆ ಇದೆ, ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಜಾನ್ ಕೆಲ್ಲಿ ಅಂತ ಇಪ್ಪತ್ತರ ಆಚೀಚಿನ ಹುಡುಗ, ಅನುವಾದದ ಹಸ್ತಪ್ರತಿ ಹಿಡಿದುಕೊಂಡು ಅಚ್ಚಿಗೆ ಅಂತ ಇಂಗ್ಲೆಂಡಿನ ವೈಟ್‌ಹೇವನ್‌ಗೆ ಹಡಗಿನಲ್ಲಿ ಹೊರಟಿದ್ದ. ದಾರಿಯಲ್ಲಿ ಬಿರುಗಾಳಿ, ಹಡಗು ಒಡೆಯಿತು. ಸಾಮಾನೆಲ್ಲ ಹೋಯಿತು. ಹುಡುಗ ಆ ಕಾಗದದ ಕಟ್ಟನ್ನು ಐದು ಗಂಟೆ ನೀರಿನಿಂದ ಮೇಲೆ ಎತ್ತಿ ಹಿಡಿದುಕೊಂಡಿದ್ದನಂತೆ. ಮ್ಯಾಂಕ್ಸ್ ವ್ಯಾಕರಣವನ್ನೂ ಮುಂದೆ ಅವನೇ ಬರೆದ. ಬೇಕಾದಷ್ಟು ಹೊತ್ತಿದೆ ಅನ್ನುವವರ ನಾಡಿನಲ್ಲಿ ಇಂಥವನೂ ಇದ್ದ ಅನ್ನೋದು ನೆನಪಿರಲಿ.

ಈಗ ಪದಕ್ಕೆ ಬರೋಣ.

ಟ್ರೇ ಅಂದರೆ ಹೊತ್ತು. ಐರಿಷಿನಲ್ಲಿ ಇದೇ ಪದವನ್ನು ಕೊನೆಗೆ ಟಿ ಎಚ್ ಹಚ್ಚಿ ಬರೆಯುತ್ತಾರೆ, ಉಚ್ಚಾರದಲ್ಲಿ ಅದು ಹೆಚ್ಚುಕಡಿಮೆ ಇಲ್ಲ. ಮ್ಯಾಂಕ್ಸಿನವರು ಕೇಳಿಸದ್ದನ್ನು ಬಿಟ್ಟರು, ಅಷ್ಟೇ. ಹಳೆಯ ಐರಿಷಿನಲ್ಲಿ ಇದಕ್ಕೆ ಗೊತ್ತಾದ ವೇಳೆ ಅನ್ನುವ ಅರ್ಥ ಇತ್ತು. ಮುಖ್ಯವಾಗಿ ಮಠಗಳ ಪ್ರಾರ್ಥನೆಯ ವೇಳೆ. ಸನ್ಯಾಸಿಗಳು ದಿನವನ್ನು ಪ್ರಾರ್ಥನೆಗಳಾಗಿ ಕತ್ತರಿಸಿಕೊಂಡಿದ್ದರಲ್ಲ, ಆ ಒಂದೊಂದು ತುಂಡಿಗೂ ಇದೇ ಹೆಸರು. ತಮಾಷೆ ನೋಡಿ, ಗಂಟೆ ಹೊಡೆದ ತಕ್ಷಣ ಎದ್ದು ಓಡಬೇಕಾದ ವೇಳೆಗೆ ಇಟ್ಟ ಹೆಸರು ಕೊನೆಗೆ 'ಏನ್ ಅವಸರ' ಅನ್ನುವ ಮಾತಿನೊಳಗೆ ಬಂದು ಕೂತಿದೆ.

ಐರಿಷಿನಲ್ಲಿ ಆ ಹಳೆಯ ಅರ್ಥದ ಕುರುಹು ಇನ್ನೂ ಇದೆ. ಅವರ ಇಳಿಹೊತ್ತಿನ ಪದ 'ಟ್ರಾನೋನಾ'. ಟ್ರಾ ಅಂದರೆ ವೇಳೆ, ನೋನಾ ಅಂದರೆ ಲ್ಯಾಟಿನ್ನಿನ ಒಂಬತ್ತನೆಯದು. ಸೂರ್ಯ ಹುಟ್ಟಿದ ಮೇಲೆ ಒಂಬತ್ತನೇ ತಾಸು, ಅಂದರೆ ನಮ್ಮ ಲೆಕ್ಕದಲ್ಲಿ ಮಧ್ಯಾಹ್ನ ಮೂರು ಗಂಟೆ ಹೊತ್ತಿನ ಪ್ರಾರ್ಥನೆ. ಇದೇ ನೋನಾ ಇಂಗ್ಲಿಷಿಗೆ ಹೋಗಿ 'ನೂನ್' ಆಯಿತು, ಆದರೆ ಅಲ್ಲಿ ಮೂರು ಗಂಟೆಯಿಂದ ಹಿಂದೆ ಸರಿದು ಹನ್ನೆರಡಕ್ಕೆ ಬಂದು ನಿಂತಿತು. ಒಂದೇ ಪದ, ಒಂದು ಕಡೆ ನಡುಹಗಲು, ಇನ್ನೊಂದು ಕಡೆ ಇಳಿಹಗಲು. ಮ್ಯಾಂಕ್ಸಿನವರು ಈ ಜಗಳಕ್ಕೆ ಬರಲಿಲ್ಲ. ಅವರ ಸಂಜೆ 'ಫಾಸ್ಟರ್', ಅದೂ ಚರ್ಚಿನ ಲ್ಯಾಟಿನ್ನಿನಿಂದಲೇ ಬಂದದ್ದು, ಸಂಜೆಪ್ರಾರ್ಥನೆಯ ವೆಸ್ಪರ್. ಒಳ್ಳೆಯ ದಿನವನ್ನು ಸಂಜೆ ಹೊಗಳು ಅಂತ ಅವರಲ್ಲೊಂದು ಗಾದೆ ಇದೆ. ಬೆಳಿಗ್ಗೆಯೇ ಹೊಗಳಿಬಿಟ್ಟರೆ ಮಧ್ಯಾಹ್ನ ಮಳೆ ಬಂದೀತು, ಮೀನುಗಾರರ ಊರು ನೋಡಿ.

ಮ್ಯಾಂಕ್ಸಿನಲ್ಲಿ ಮಾತ್ರ ಈ ಟ್ರೇ ದೊಡ್ಡದಾಗಿ ಬೆಳೆಯಿತು. ಐರಿಷಿನಲ್ಲಿ ಸಮಯಕ್ಕೆ 'ಆಮ್' ಅಂತ ಬೇರೆ ಪದ ದಿನಬಳಕೆಗೆ ಬಂತು, ಟ್ರಾ ಮೂಲೆಗೆ ಸರಿಯಿತು. ಮ್ಯಾಂಕ್ಸಿನಲ್ಲಿ ಎಲ್ಲಾ ಹೊತ್ತೂ ಟ್ರೇಯೇ. ಗಂಟೆ ಎಷ್ಟು ಅಂತ ಕೇಳೋದಕ್ಕೂ ಅದೇ, ಮಲಗೋ ಹೊತ್ತಿಗೂ ಅದೇ, ಊಟದ ಹೊತ್ತಿಗೂ ಅದೇ. ಇಷ್ಟೇ ಅಲ್ಲ, ಅದೇ ಪದ ಸ್ವಲ್ಪ ಸಣ್ಣಗಾಗಿ, ಒಂದು ಎ ಕಳಕೊಂಡು, 'ಯಾವಾಗ ಹೀಗಾಗುತ್ತೋ ಆಗ' ಅನ್ನುವ ಕೆಲಸಕ್ಕೂ ನಿಂತುಬಿಟ್ಟಿದೆ. ಅವರ ಪ್ರಸಿದ್ಧ ಗಾದೆಯೊಂದು ಶುರುವಾಗೋದೇ ಈ ಪದದಿಂದ: ಒಬ್ಬ ಬಡವ ಇನ್ನೊಬ್ಬ ಬಡವನಿಗೆ ಆದಾಗ ದೇವರೇ ನಗುತ್ತಾನೆ. ಗೇಲಿಯ ನಗು ಅಲ್ಲ, ಸಂತೋಷದ ನಗು.

ಸಮಯದ ಪದ 'ಆಗ' ಅನ್ನೋದಕ್ಕೆ ಹೇಗೆ ಬಂತು ಅಂತ ಆಶ್ಚರ್ಯ ಪಡಬೇಕಿಲ್ಲ, ನಾವೂ ಮಾಡೋದು ಅದನ್ನೇ. 'ನಾನು ಹೋಗೋ ಹೊತ್ತಿಗೆ ಬಸ್ ಬಿಟ್ಟಿತ್ತು' ಅಂತೀವಲ್ಲ, ಆ ಹೊತ್ತು ಗಡಿಯಾರದ ಹೊತ್ತಲ್ಲ, ಎರಡು ಮಾತನ್ನು ಹೊಲಿಯೋ ದಾರ. ನಮ್ಮ ಹೊತ್ತು ಇನ್ನೂ ಹಿಂದೆ ಸೂರ್ಯನೇ ಆಗಿತ್ತು. ಹಳ್ಳಿಯಲ್ಲಿ ಈಗಲೂ ಹೊತ್ತು ಹುಟ್ಟುತ್ತದೆ, ಹೊತ್ತು ಮುಳುಗುತ್ತದೆ. ಅವರದ್ದು ಮಠದ ಗಂಟೆಯಿಂದ ಬಂದ ಹೊತ್ತು, ನಮ್ಮದು ಬಿಸಿಲಿನಿಂದ ಬಂದದ್ದು.

ಇನ್ನು ಡ ಲ್ಯೂರ್. ಇದು ಹೆಚ್ಚು ಮಜಾ ಇರೋ ಭಾಗ. ಯಾಕಂದರೆ ಈ ಪದ ನಿಮಗೆಲ್ಲ ಆಗಲೇ ಗೊತ್ತು, ನಿಮಗೆ ಗೊತ್ತಿರೋದು ನಿಮಗೆ ಗೊತ್ತಿಲ್ಲ ಅಷ್ಟೇ. ಇದರ ಐರಿಷ್ ರೂಪ 'ಗೊ ಲೋರ್'. ಲೋರ್ ಅಂದರೆ ಸಾಕಾಗುವಷ್ಟು. ಹದಿನೇಳನೇ ಶತಮಾನದಲ್ಲಿ ಇದನ್ನು ಇಂಗ್ಲಿಷಿನವರು ಎತ್ತಿಕೊಂಡು ಒಂದೇ ಪದ ಮಾಡಿದರು: ಗಲೋರ್! ಪೇಪರಿನ ಜಾಹೀರಾತಿನಲ್ಲಿ 'ಡಿಸ್ಕೌಂಟ್ಸ್ ಗಲೋರ್', ಹಬ್ಬದ ಹೊತ್ತಿಗೆ 'ಆಫರ್ಸ್ ಗಲೋರ್' ಅಂತ ಬರುತ್ತಲ್ಲ, ಅದೇ. ಇಂಗ್ಲಿಷಿನಲ್ಲಿ ಗುಣ ಹೇಳೋ ಪದ ಸಾಮಾನ್ಯವಾಗಿ ಹೆಸರಿನ ಮುಂದೆ ಬರಬೇಕು. ಗಲೋರ್ ಮಾತ್ರ ಯಾವಾಗಲೂ ಹಿಂದೆ. 'ಗಲೋರ್ ಆಫರ್ಸ್' ಅಂತ ಯಾರೂ ಬರೆಯಲ್ಲ. ಯಾಕೆ? ಗೇಲಿಕ್ಕಿನಲ್ಲಿ ಅದು ಹಿಂದೆಯೇ ಕೂರುತ್ತಿತ್ತು. ಹೊಸ ಮನೆಗೆ ಬಂದ ಮೇಲೂ ತನ್ನ ಕುರ್ಚಿ ಬಿಟ್ಟುಕೊಟ್ಟಿಲ್ಲ. ಟ್ರೇ ಡ ಲ್ಯೂರ್, ಹೊತ್ತು ಮೊದಲು, ಬೇಕಾದಷ್ಟು ಆಮೇಲೆ.

ಅಂದ ಹಾಗೆ ಬ್ಯಾಂಗಲೋರ್‌ಗೂ ಗಲೋರ್‌ಗೂ ಸಂಬಂಧ ಇಲ್ಲ. ಇಂಗ್ಲಿಷ್ ಪೇಪರಿನವರು ತಲೆಬರಹದಲ್ಲಿ ಈ ಎರಡನ್ನೂ ಎಷ್ಟು ಸಲ ಮದುವೆ ಮಾಡಿಸಿದ್ದಾರೋ ಲೆಕ್ಕವಿಲ್ಲ, ಅದಕ್ಕೆ ಮೊದಲೇ ಹೇಳಿದೆ.

ಈಗ ಅರ್ಥ ಹೇಗೆ ಜಾರಿತು ನೋಡಿ. ಮೂಲದಲ್ಲಿ 'ಸಾಕು'. ಐರಿಷಿನಲ್ಲಿ ಈಗ ಅದು ಸಾಕೂ ಹೌದು, ಬಹಳವೂ ಹೌದು, ಹೇಳೋ ಧಾಟಿ ಮೇಲೆ ಹೋಗುತ್ತದೆ. ಇಂಗ್ಲಿಷಿಗೆ ಬರುವ ಹೊತ್ತಿಗೆ ಸಾಕು ಉದುರಿ ಬರೀ ಬಹಳ ಉಳಿಯಿತು. ಇದು ವಿಚಿತ್ರ ಅಂತ ನನಗೆ ಮೊದಲು ಅನ್ನಿಸಿತ್ತು. ಆಮೇಲೆ ನಮ್ಮ 'ಸಾಕಷ್ಟು' ನೆನಪಾಯಿತು. ಸಾಕು, ಅಷ್ಟು. ಒಡೆದರೆ ಇಷ್ಟೇ, ಸಾಕಾಗುವಷ್ಟು. ಆದರೆ 'ಮದುವೆಗೆ ಸಾಕಷ್ಟು ಜನ ಬಂದಿದ್ದರು' ಅಂದರೆ ಬೇಕಾದಷ್ಟೇ ಬಂದರು ಅಂತ ಯಾರಾದರೂ ಅರ್ಥ ಮಾಡಿಕೊಳ್ಳುತ್ತಾರಾ? ಜನ ಜಾಸ್ತಿ ಬಂದಿದ್ದರು, ಎರಡನೇ ಪಂಕ್ತಿಗೆ ಸಾರು ನೀರಾಗಿತ್ತು ಅಂತ ಅರ್ಥ. ಸಾವಿರಾರು ಮೈಲಿ ದೂರದ ಎರಡು ಭಾಷೆ, ಒಂದನ್ನೊಂದು ನೋಡೇ ಇಲ್ಲ, ಸಾಕು ಅನ್ನುವ ಪದ ಎರಡರಲ್ಲೂ ಒಂದೇ ಇಳಿಜಾರಿನಲ್ಲಿ ಜಾರಿದೆ.

ಹಾಗಾಗಿ ಟ್ರೇ ಡ ಲ್ಯೂರ್ ಅನ್ನೋದನ್ನು ಎರಡು ಥರ ಕೇಳಿಸಿಕೊಳ್ಳಬಹುದು. ಒಂದು, ಸಾಕಾಗುವಷ್ಟು ಹೊತ್ತಿದೆ, ಗಾಬರಿ ಬೇಡ, ಮುಗಿಯುತ್ತದೆ. ಇನ್ನೊಂದು, ಹೊತ್ತು ರಾಶಿ ಬಿದ್ದಿದೆ, ಈಗ ಯಾಕೆ, ನಾಳೆ ಮಾಡಿದರಾಯ್ತು. ಮೊದಲನೆಯದು ಸಮಾಧಾನ, ಎರಡನೆಯದು ಸೋಮಾರಿತನ. ನಮ್ಮ 'ಸಾವಕಾಶ' ಕೂಡ ಹಾಗೇ ಅಲ್ವಾ? ಸಾವಕಾಶವಾಗಿ ಬನ್ನಿ ಅಂದರೆ ಪ್ರೀತಿ. ಸಾವಕಾಶವಾಗಿ ಬಂದ್ರಲ್ಲ ಸ್ವಾಮಿ ಅಂದರೆ ಬೈಗುಳ. ದ್ವೀಪದವರೂ ಈ ಮಾತನ್ನು ಹೆಮ್ಮೆಯಿಂದಲೂ ಆಡುತ್ತಾರೆ, ಕೆಲಸ ಮುಂದೂಡುವವನನ್ನು ಚುಚ್ಚೋಕೂ ಆಡುತ್ತಾರೆ. ಮುಂದೂಡೋದನ್ನು ನಾವೇನೂ ಹೊರಗಿನಿಂದ ಕಲೀಬೇಕಿಲ್ಲ ಬಿಡಿ, ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದು ದೆವ್ವಕ್ಕೇ ಡೇಟ್ ಕೊಟ್ಟ ಜನ ನಾವು.

ಆದರೆ ಇದೇ ದ್ವೀಪ ಲೋಕಕ್ಕೆಲ್ಲ ಗೊತ್ತಿರೋದು ಯಾವುದಕ್ಕೆ? ಟಿಟಿ ಬೈಕ್ ರೇಸಿಗೆ. 1907ರಿಂದ ನಡೆಯುತ್ತಿದೆ. ದಿನಾ ಕಾರು ಬಸ್ಸು ಓಡಾಡೋ ರಸ್ತೆಯಲ್ಲೇ, ಮನೆ ಕಾಂಪೌಂಡು, ಕಲ್ಲಿನ ಗೋಡೆ, ದೀಪದ ಕಂಬಗಳ ಪಕ್ಕದಲ್ಲೇ, 60 ಕಿಲೋಮೀಟರಿನ ಒಂದು ಸುತ್ತನ್ನು 17 ನಿಮಿಷದೊಳಗೆ ಮುಗಿಸುತ್ತಾರೆ. ಸರಾಸರಿ ವೇಗವೇ ಗಂಟೆಗೆ 219 ಕಿಲೋಮೀಟರ್ ತಲುಪಿದೆ. ಎಲ್ಲರೂ ಒಟ್ಟಿಗೆ ಹೊರಡೋದಿಲ್ಲ, ಹತ್ತು ಹತ್ತು ಸೆಕೆಂಡಿಗೆ ಒಬ್ಬೊಬ್ಬರನ್ನು ಬಿಡುತ್ತಾರೆ, ಪಂದ್ಯ ಪಕ್ಕದವನ ಜೊತೆಗಲ್ಲ, ಗಡಿಯಾರದ ಜೊತೆಗೆ. ಆ ರಸ್ತೆಯಲ್ಲಿ ಇದುವರೆಗೆ 260ಕ್ಕೂ ಜಾಸ್ತಿ ಸವಾರರು ಸತ್ತಿದ್ದಾರೆ. ಸೆಕೆಂಡಿನ ಚೂರಿಗೆ ಪ್ರಾಣ ಕೊಡೋ ಜಾಗದಲ್ಲಿ, ಪಕ್ಕದ ಅಂಗಡಿಯಲ್ಲಿ ಬೇಕಾದಷ್ಟು ಹೊತ್ತಿದೆ ಅನ್ನೋ ಮಗ್ ಮಾರುತ್ತಾರೆ. ನನಗಂತೂ ಇದನ್ನು ಯಾರಾದರೂ ಬೇಕೆಂದೇ ಮಾಡಿದ ಜೋಕ್ ಅನ್ನಿಸುತ್ತದೆ.

ಈಗ ಆ ತಕರಾರಿಗೆ ಬರುತ್ತೇನೆ.

ಈ ಮಾತು ಹುಟ್ಟಿದ ಭಾಷೆಗೆ ಹೊತ್ತು ಬೇಕಾದಷ್ಟು ಇರಲಿಲ್ಲ. 1765ರಲ್ಲಿ ಬ್ರಿಟಿಷ್ ಸರಕಾರ ದ್ವೀಪದ ಒಡೆತನದ ಹಕ್ಕನ್ನು ಆಗ ಅದರ ಒಡೆಯನಾಗಿದ್ದ ಡ್ಯೂಕ್‌ನಿಂದ ಕೊಂಡುಕೊಂಡಿತು. ಅಲ್ಲಿನ ಬಂದರುಗಳಲ್ಲಿ ನಡೆಯುತ್ತಿದ್ದ ಕಳ್ಳಸಾಗಣೆ ನಿಲ್ಲಿಸೋದು ಅದರ ಉದ್ದೇಶ. ನಿಂತಿತು, ಜೊತೆಗೆ ಊರಿನ ದುಡಿಮೆಯೂ ನಿಂತಿತು. ಜನ ಊರು ಬಿಟ್ಟರು, ಆಮೇಲೆ ಇಂಗ್ಲಿಷಿನವರು ಬಂದರು, ಶಾಲೆ ಇಂಗ್ಲಿಷಾಯಿತು, ಸ್ಟೀಮರ್ ತುಂಬಾ ಪ್ರವಾಸಿಗರು. 'ಮ್ಯಾಂಕ್ಸಿನಿಂದ ಒಂದು ಪೆನ್ನಿ ದುಡಿಯೋಕಾಗಲ್ಲ' ಅನ್ನೋದು ಮ್ಯಾಂಕ್ಸಿನಲ್ಲೇ ಗಾದೆಯಾಯಿತು. ಎಲ್ಲೋ ಕೇಳಿದ ಹಾಗಿದೆ ಅಲ್ವಾ? 1874ರ ಒಂದು ಸಮೀಕ್ಷೆಯಲ್ಲಿ ಮ್ಯಾಂಕ್ಸ್ ಆಡುವವರು 12,000ದ ಮೇಲಿದ್ದರು. 1901ರ ಗಣತಿಯಲ್ಲಿ 4,500ರ ಹತ್ತಿರ. 1921ರಲ್ಲಿ 900ರ ಆಸುಪಾಸು. 1961ರಲ್ಲಿ 165, ಅದರಲ್ಲೂ ಬಹುಪಾಲು ಕಲಿತು ಆಡುವವರು.

ದನಿ ಹಿಡಿದಿಡಬೇಕು ಅಂತ ಬಂದವರ ಪಟ್ಟಿ ನೋಡಿ. 1909ರಲ್ಲಿ ವಿಯೆನ್ನಾದಿಂದ ರುಡಾಲ್ಫ್ ಟ್ರೆಬಿಚ್ ಬಂದ, ಫೋನೋಗ್ರಾಫ್ ಹೊತ್ತುಕೊಂಡು. ಇಪ್ಪತ್ತು ವರ್ಷ ಬಿಟ್ಟು ನಾರ್ವೆಯಿಂದ ಕಾರ್ಲ್ ಮಾರ್‌ಸ್ಟ್ರಾಂಡರ್ ಬಂದ. 1947ರಲ್ಲಿ ಐರ್ಲೆಂಡಿನ ಪ್ರಧಾನಿ ಡಿ ವಲೇರಾ ದ್ವೀಪಕ್ಕೆ ಬಂದರು. ದಕ್ಷಿಣದ ತುದಿಯಲ್ಲಿ ಕ್ರೆಗ್‌ನೀಶ್ ಅಂತ ಹುಲ್ಲುಮಾಡಿನ ಪುಟ್ಟ ಊರಿದೆ. ಅಲ್ಲಿ ನೆಡ್ ಮ್ಯಾಡ್ರೆಲ್ ಅನ್ನುವ ಮುದುಕ ಮೀನುಗಾರನನ್ನು ಕಂಡರು. ಇವರು ಐರಿಷಿನಲ್ಲಿ, ಅವನು ಮ್ಯಾಂಕ್ಸಿನಲ್ಲಿ. ಮಾತು ನಡೆಯಿತು. ಅಲ್ಲಿನ ಮ್ಯೂಸಿಯಂ ಹತ್ತಿರ ರೆಕಾರ್ಡ್ ಮಾಡೋಕೆ ದುಡ್ಡೂ ಇಲ್ಲ, ಯಂತ್ರವೂ ಇಲ್ಲ ಅಂತ ಗೊತ್ತಾದ ಮೇಲೆ, ಮುಂದಿನ ವರ್ಷ ಐರಿಷ್ ಜಾನಪದ ಆಯೋಗ ಕೆವಿನ್ ಡನಾಹರ್ ಅವರನ್ನು ರೆಕಾರ್ಡಿಂಗ್ ವ್ಯಾನ್ ಸಮೇತ ಹಡಗು ಹತ್ತಿಸಿ ಕಳಿಸಿತು. ವ್ಯಾನಿನಲ್ಲಿದ್ದದ್ದು ಡಿಸ್ಕ್ ಕೊರೆಯುವ ಯಂತ್ರ. ಮಾತಾಡುವವರಿಗೆ ವಯಸ್ಸಾಗಿತ್ತು, ಇರೋದು ಬೆರಳೆಣಿಕೆ ಜನ. ಎರಡು ವಾರದಲ್ಲಿ ಸಿಕ್ಕಷ್ಟು ಕೊರೆದುಕೊಂಡು ಹೋದರು.

ಆಸ್ಟ್ರಿಯಾದವರು, ನಾರ್ವೆಯವರು, ಐರ್ಲೆಂಡಿನವರು. ಅವಸರ ಇದ್ದದ್ದು ಹೊರಗಿನವರಿಗೆ. ಹೀಗೆ ಹೇಳಿದರೆ ಸ್ವಲ್ಪ ಅನ್ಯಾಯವೂ ಆಗುತ್ತದೆ. ದ್ವೀಪದವರೇ ಕಟ್ಟಿದ ಮ್ಯಾಂಕ್ಸ್ ಭಾಷಾ ಸಂಘ 1899ರಿಂದ ಇತ್ತು. ಡಗ್ಲಾಸ್ ಫ್ಯಾರಗರ್ ಥರದ ಕೆಲವರು ರಜಾ ದಿನಗಳಲ್ಲಿ ಹಳ್ಳಿ ಹಳ್ಳಿ ತಿರುಗಿ, ಮುದುಕರ ಪಕ್ಕ ಕೂತು ಮಾತು ಕಲಿತರು. ಆದರೆ ಊರಿನ ಹೆಚ್ಚಿನವರಿಗೆ, ಅಧಿಕಾರ ಇದ್ದವರಿಗೆ, ಪುರುಸೊತ್ತಿತ್ತು. ಇದನ್ನು ಹೇಳೋಕೇ ಇಷ್ಟುದ್ದ ಬಂದೆ. ಆ ಮಗ್ ನೋಡಿದಾಗಲೆಲ್ಲ ನನಗೆ ಈಗ ಚಹಾ ನೆನಪಾಗಲ್ಲ, ಆ ವ್ಯಾನ್ ನೆನಪಾಗುತ್ತದೆ.

ನೆಡ್ ಮ್ಯಾಡ್ರೆಲ್ 1974ರ ಡಿಸೆಂಬರ್ 27ರಂದು ತೀರಿಕೊಂಡ. 97 ವರ್ಷ. ಚಿಕ್ಕಂದಿನಲ್ಲಿ ಇಂಗ್ಲಿಷ್ ಬಾರದ ಮುದುಕಿಯೊಬ್ಬಳ ಮನೆಯಲ್ಲಿ ಬೆಳೆದದ್ದರಿಂದ ಅವನಿಗೆ ಮ್ಯಾಂಕ್ಸ್ ಹಾಗೆ ನಿಂತಿತ್ತು. ಹುಟ್ಟಿನಿಂದ ಆ ಭಾಷೆ ಆಡಿದವರಲ್ಲಿ ಅವನೇ ಕೊನೆ. ಅಲ್ಲಿಗೆ ಕಥೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ಯುನೆಸ್ಕೊ ಕೂಡ 2009ರ ತನ್ನ ಅಳಿವಿನಂಚಿನ ಭಾಷೆಗಳ ಅಟ್ಲಾಸ್‌ನಲ್ಲಿ ಮ್ಯಾಂಕ್ಸ್ ಅಳಿದುಹೋಗಿದೆ ಅಂತ ಬರೆಯಿತು. ಆದರೆ ಅಷ್ಟರಲ್ಲಿ, ಆ ಮುದುಕರಿಂದ ಕಲಿತವರು, ಅವರಿಂದ ಕಲಿತವರು ಸೇರಿ, 2001ರಲ್ಲಿ ಎಲ್ಲಾ ಪಾಠವನ್ನೂ ಮ್ಯಾಂಕ್ಸಿನಲ್ಲೇ ಹೇಳಿಕೊಡೋ ಒಂದು ಪ್ರಾಥಮಿಕ ಶಾಲೆ ಶುರು ಮಾಡಿದ್ದರು. ಅಲ್ಲಿನ ಮಕ್ಕಳು ಯುನೆಸ್ಕೊಗೆ ಕಾಗದ ಬರೆದರು, ಮ್ಯಾಂಕ್ಸಿನಲ್ಲೇ. ನಮ್ಮ ಭಾಷೆ ಸತ್ತಿದ್ದರೆ ನಾವು ಈಗ ಬರೀತಿರೋದು ಯಾವ ಭಾಷೆ ಅಂತ ಕೇಳಿದರು. ಯುನೆಸ್ಕೊ ತಿದ್ದಿಕೊಂಡಿತು. ಈಗ ಭಾಷೆ ಅಷ್ಟೋ ಇಷ್ಟೋ ಬರುವವರು ಎರಡು ಸಾವಿರದ ಆಸುಪಾಸು ಇದ್ದಾರೆ. ಅದೇ ಅಟ್ಲಾಸ್‌ನಲ್ಲಿ ನಮ್ಮ ತುಳು, ಕೊಡವ ಎರಡೂ ಇದ್ದವು ಅನ್ನೋದನ್ನೂ ಹೇಳಿಬಿಡುತ್ತೇನೆ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಮೇಷ್ಟ್ರೊಬ್ಬರು, ಈ ಭಾಷೆಗೂ ನಮ್ಮ ಕಡೆಗೂ ಏನಾದರೂ ನೆಂಟಸ್ತಿಕೆ ಇದೆಯಾ ಅಂತ ಕೇಳಿದರು. ಕನ್ನಡಕ್ಕೆ ಇಲ್ಲ, ಸಂಸ್ಕೃತಕ್ಕೆ ಇದೆ, ದೂರದ ದಾಯಾದಿ. ಮ್ಯಾಂಕ್ಸಿನಲ್ಲಿ ಮೂರಕ್ಕೆ 'ಟ್ರೀ', ತ್ರಿ ನೆನಪಿಸಿಕೊಳ್ಳಿ. ರಾಜನಿಗೆ 'ರೀ'. ಹಸುವಿಗೆ 'ಬೂವಾ', ನಂಬೋದು ಕಷ್ಟ, ಅದೂ ನಮ್ಮ ಗೋವೂ ಒಂದೇ ಬೇರಿನವು. ಟಿಟಿ ರೇಸಿನ ದಾರಿಯಲ್ಲಿ ಕ್ರೆಗ್ ನಿ ಬಾ ಅಂತ ಒಂದು ತಿರುವಿದೆ, ಹಸುವಿನ ಬಂಡೆ ಅಂತ ಅರ್ಥ. ಇನ್ನೂರರ ಮೇಲಿನ ವೇಗದಲ್ಲಿ ಅಲ್ಲಿಗೆ ಇಳಿದು ಬರುವವರಿಗೆ ಹಸು ನೆನಪಾಗುತ್ತೋ ಇಲ್ಲವೋ.

ಕೊನೆಗೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹೆಣ್ಣುಮಗಳು ಎದ್ದು ನಿಂತರು. ಕೊಡಗಿನವರಂತೆ. ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಸಾಕಾ, ಬೇರೆ ಮೈಕ್ ಬೇಕಾ ಅಂತ ಕೇಳಿದರು. ಫೋನ್ ಧಾರಾಳ ಸಾಕು, ಫ್ಯಾನ್ ಆಫ್ ಮಾಡಿ, ಹತ್ತಿರ ಕೂತ್ಕೊಳ್ಳಿ ಅಂದೆ. ಯಾರದ್ದು ರೆಕಾರ್ಡ್ ಮಾಡಬೇಕು ಅಂದೆ. ನಮ್ಮಜ್ಜಿದು, ತೊಂಬತ್ತೊಂದು ವರ್ಷ, ಹಳೇ ಹಾಡುಗಳೆಲ್ಲ ಗೊತ್ತು ಅವರಿಗೆ ಅಂದರು.

'ಯಾವಾಗ ಮಾಡ್ತೀರಿ?'

'ದಸರಾ ರಜೆಗೆ ಊರಿಗೆ ಹೋಗ್ತೀನಲ್ಲ ಸಾರ್, ಆಗ' ಅಂದರು. ಹಾಲ್‌ನಲ್ಲಿದ್ದವರೆಲ್ಲ ಒಟ್ಟಿಗೆ ನಕ್ಕರು. ಅವರಿಗೆ ಯಾಕೆ ಅಂತ ಗೊತ್ತಾಗೋಕೆ ಒಂದು ಕ್ಷಣ ಬೇಕಾಯಿತು, ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಅವರೂ ನಕ್ಕರು.